ಜಕ್ಕೇನಹಳ್ಳಿಯ ಕರ್ಣ: ಅರ್ಜುನ್ ಸರ್ಜಾ ವೃತ್ತಿಬದುಕಿನ ಒಂದು ಅವಲೋಕನ

2019ರಲ್ಲಿ ‘ಕುರುಕ್ಷೇತ್ರ’ ತೆರೆಕಂಡಾಗ ಕರ್ಣನ ಕವಚ ತೊಟ್ಟು ನಿಂತವರು ಅರ್ಜುನ್ ಸರ್ಜಾ. ಹೆಸರು ಅರ್ಜುನ, ವೇಷ ಕರ್ಣನದು. ತುಮಕೂರು ಸೀಮೆಯವರಿಗೆ ಈ ಕಥೆಯೇನೂ ಹೊಸದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಸೀನರಿ ಬಾಡಿಗೆಗೆ ತಂದು, ಪಾತ್ರಕ್ಕಿಷ್ಟು ಎಂದು ಕೈಯಿಂದಲೇ ದುಡ್ಡು ಹಾಕಿ ರಾತ್ರಿಯಿಡೀ ಆಡುವ ನಾಟಕವೂ ‘ಕುರುಕ್ಷೇತ್ರ’ವೇ.

ಮಧುಗಿರಿ ತಾಲ್ಲೂಕಿನ ಜಕ್ಕೇನಹಳ್ಳಿ ಸರ್ಜಾ ಮನೆತನದ ಮೂಲ. ಅಲ್ಲಿಂದ ಚಿತ್ರರಂಗಕ್ಕೆ ಬಂದ ಮೊದಲಿಗರು ಶಕ್ತಿಪ್ರಸಾದ್. ಅವರ ನಿಜನಾಮ ಜೆ.ಸಿ. ರಾಮಸ್ವಾಮಿ. ಕಟ್ಟುಮಸ್ತಾದ ಮೈಕಟ್ಟಿನ ಅವರಿಗೆ ಕಪ್ಪು-ಬಿಳುಪಿನ ಕಾಲದಿಂದಲೂ ಸಿಕ್ಕಿದ್ದು ಹೆಚ್ಚಾಗಿ ಖಳ ಹಾಗೂ ಪೋಷಕ ಪಾತ್ರಗಳು. ಈ ಕಸುಬಿನ ಏಳುಬೀಳು ಉಂಡವರಾದ್ದರಿಂದ ಮಗನೂ ಬಣ್ಣ ಹಚ್ಚುವುದು ಅವರಿಗೆ ಬೇಕಿರಲಿಲ್ಲ. ಮಗ ಶ್ರೀನಿವಾಸನಿಗೂ ಪೊಲೀಸ್ ಅಧಿಕಾರಿಯಾಗುವ ಆಸೆ. ಜೊತೆಗೆ ಬ್ರೂಸ್ ಲೀ ಹಚ್ಚಿದ ಕರಾಟೆ ಹುಚ್ಚು.

ಆ ಕರಾಟೆಯೇ ದಾರಿ ಬದಲಿಸಿತು. ನಿರ್ದೇಶಕ ರಾಜೇಂದ್ರಸಿಂಗ್ ಬಾಬು 1981ರ ‘ಸಿಂಹದ ಮರಿ ಸೈನ್ಯ’ಕ್ಕೆ ಹುಡುಗನನ್ನು ಆರಿಸಿಕೊಂಡು ‘ಅರ್ಜುನ್’ ಎಂದು ಹೆಸರಿಟ್ಟರು.

ಮೂರು ವರ್ಷದಲ್ಲಿ ಗಡಿ ದಾಟಿದ್ದಾಯಿತು. ರಾಮ ನಾರಾಯಣನ್ ನಿರ್ದೇಶನದ ‘ನನ್ರಿ’ (1984) ತಮಿಳಿಗೆ ಕರೆದೊಯ್ದರೆ, ಕೋಡಿ ರಾಮಕೃಷ್ಣ ಅವರ ‘ಮಾ ಪಲ್ಲೆಲೋ ಗೋಪಾಲುಡು’ (1985) ತೆಲುಗಿನಲ್ಲಿ ನೆಲೆ ಕೊಟ್ಟಿತು. ಆಂಧ್ರದ ನೆಲ ಸುತ್ತುವರಿದ ಪಾವಗಡದಲ್ಲಿ ಮನೆಮಾತೇ ತೆಲುಗಾಗಿರುವವರು ಬಹಳ ಮಂದಿ. ಹೀಗಾಗಿ ಪಕ್ಕದ ತಾಲ್ಲೂಕಿನ ಹುಡುಗ ತೆಲುಗು ಪೋಸ್ಟರಿನಲ್ಲಿ ಕಂಡರೂ ಈ ಸೀಮೆಗೆ ಅವನು ಹೊರಗಿನವನಾಗಲಿಲ್ಲ.

ನಡುವೆ ಅವಕಾಶಗಳು ತೆಳುವಾದಾಗ ಅರ್ಜುನ್ ತಾವೇ ನಿರ್ದೇಶನಕ್ಕಿಳಿದು ‘ಸೇವಗನ್’ (1992) ತೆಗೆದರು. ಮರುವರ್ಷ ಬಂದ ಶಂಕರ್ ಅವರ ಚೊಚ್ಚಲ ಚಿತ್ರ ‘ಜಂಟಲ್‌ಮನ್’ ಎಲ್ಲ ಲೆಕ್ಕವನ್ನೂ ತಿರುಗಿಸಿತು. ಹಗಲು ಹಪ್ಪಳದ ವ್ಯಾಪಾರಿ, ರಾತ್ರಿ ಉಳ್ಳವರನ್ನು ದೋಚುವ ಕಳ್ಳ: ಹೊಡೆದಾಟದ ನಟನೊಳಗೆ ಸಂಕಟಪಡುವ ಮನುಷ್ಯನನ್ನು ತೋರಿಸಿದ ಪಾತ್ರವದು. ‘ಜೈ ಹಿಂದ್’ (1994), ಕಮಲ್ ಹಾಸನ್ ಜೊತೆಗಿನ ‘ಕುರುದಿಪ್ಪುನಲ್’ (1995), ಒಂದು ದಿನದ ಮುಖ್ಯಮಂತ್ರಿಯ ಕಥೆ ‘ಮುದಲ್ವನ್’ (1999) ಅದರ ಬೆನ್ನಿಗೇ ಬಂದವು. ‘ಆಕ್ಷನ್ ಕಿಂಗ್’ ಎಂಬ ಬಿರುದೂ ಅಂಟಿಕೊಂಡಿತು.

ಈ ಬಿರುದೇ ಅವರ ಕನ್ನಡದ ಕೆಲಸಕ್ಕೆ ಮರೆಯಾಯಿತು. ‘ಶ್ರೀ ಮಂಜುನಾಥ’ದ (2001) ಭಕ್ತನಲ್ಲಿ ಅಬ್ಬರದಷ್ಟೇ ಆರ್ತತೆಯೂ ಇತ್ತು. ‘ಪ್ರಸಾದ್’ (2012) ಚಿತ್ರದಲ್ಲಂತೂ ಮುಷ್ಟಿ ಬಿಗಿಯುವ ಪ್ರಮೇಯವೇ ಇಲ್ಲ. ಕಿವಿ ಕೇಳದ ಮಗನ ತಂದೆಯ ಪಾತ್ರ. ರಾಜ್ಯ ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿ ದಕ್ಕಿದ್ದು ಅದಕ್ಕೆ.

ಮೂರನೆಯ ತಲೆಮಾರು ತಾಯ್ನುಡಿಯಲ್ಲೇ ನೆಲೆ ಕಂಡಿತು. ಅರ್ಜುನ್ ಅವರ ಸೋದರಳಿಯಂದಿರಲ್ಲಿ ಚಿರಂಜೀವಿ ಸರ್ಜಾ ‘ವಾಯುಪುತ್ರ’ದಿಂದ (2009), ಧ್ರುವ ಸರ್ಜಾ ‘ಅದ್ದೂರಿ’ಯಿಂದ (2012) ನಾಯಕರಾದರು. ‘ವಾಯುಪುತ್ರ’ದ ನಿರ್ದೇಶಕ ಅರ್ಜುನ್ ಅವರ ಅಣ್ಣ ಕಿಶೋರ್ ಸರ್ಜಾ. ಚಿರಂಜೀವಿ 2020ರ ಜೂನ್ 7ರಂದು ತೀರಿಕೊಂಡರು.

ಕನ್ನಡ ಚಿತ್ರಚರಿತ್ರೆ ಅರ್ಜುನ್ ಅವರನ್ನು ತಮಿಳಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ಅದಕ್ಕಿಂತ ತುರ್ತಿನ ಕೆಲಸ ಶಕ್ತಿಪ್ರಸಾದರದು. ಅವರ ಪಾತ್ರಗಳ ಪಟ್ಟಿಯನ್ನೂ ಜೊತೆಗೆ ದುಡಿದವರ ನೆನಪುಗಳನ್ನೂ ಮಧುಗಿರಿ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳು ಈಗಲೇ ಕಲೆಹಾಕಬೇಕು.