ಗ್ರಂಥಾಲಯ ಕೆಡವುವ ಮುನ್ನ ಕೇಳಬೇಕಾದವರು: ಗೋಕಾಕ, ಮೂಡಲಗಿ, ಹುಕ್ಕೇರಿಗಳ ನೆಲೆಯಲ್ಲಿ ಒಂದು ವಿವೇಚನೆ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಊರಿನ ಮಹಾಯೋಜನೆಯನ್ನು ಪ್ರಕಟಿಸಿ 60 ದಿನಗಳೊಳಗೆ ಜನರ ಅಭಿಪ್ರಾಯ ಪಡೆಯಬೇಕು. ಯೋಜನೆಯಲ್ಲಿ ಗುರುತಿಸಿದ ಭೂಬಳಕೆಯನ್ನು ಬದಲಿಸುವುದಿದ್ದರೆ, ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಆಹ್ವಾನಿಸಬೇಕೆಂದು 14-ಎ ಕಲಂ ಹೇಳುತ್ತದೆ. ಹಳೆಯ ಗ್ರಂಥಾಲಯವನ್ನು ಕೆಡವಿ ಅದೇ ಜಾಗದಲ್ಲಿ ಇನ್ನೊಂದು ಸರ್ಕಾರಿ ಕಟ್ಟಡ ಎಬ್ಬಿಸಿದರೆ ಮಾತ್ರ ಈ ಕಲಮಿಗೆ ಕೆಲಸವಿಲ್ಲ. ಮೊದಲೂ ಸಾರ್ವಜನಿಕ ಉಪಯೋಗ, ಆಮೇಲೂ ಸಾರ್ವಜನಿಕ ಉಪಯೋಗ. ಕಾಗದದ ಮೇಲೆ ಏನೂ ಬದಲಾಗಿಲ್ಲ. ಓದುಗ ಬಂದು ನೋಡಿದಾಗ ಓದುವ ಕೋಣೆಯೇ ಇಲ್ಲ.

ಈ ಬಿರುಕು ದೊಡ್ಡ ನಗರಗಳಿಗಿಂತ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳಲ್ಲಿ ಹೆಚ್ಚು ಅಗಲವಾಗಿದೆ. ಹಳ್ಳಿಯ ಗ್ರಂಥಾಲಯಕ್ಕೆ ಗ್ರಾಮಸಭೆಯ ಆಸರೆಯುಂಟು. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದ ಮೇಲಂತೂ ಅವುಗಳ ಸಂಗತಿಯನ್ನು ಸಭೆಯಲ್ಲಿ ಎದ್ದು ಕೇಳಲು ಹಳ್ಳಿಯವರಿಗೆ ನೇರ ದಾರಿಯಿದೆ. ದೊಡ್ಡ ನಗರಗಳಿಗೆ ವಾರ್ಡ್ ಸಮಿತಿಗಳಿವೆ. ಸಂವಿಧಾನದ 243-ಎಸ್ ವಿಧಿ ಅವನ್ನು ಕಡ್ಡಾಯ ಮಾಡುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಗೋಕಾಕದ ನಗರಸಭೆಯೂ ಮೂಡಲಗಿ, ಹುಕ್ಕೇರಿಗಳ ಪುರಸಭೆಗಳೂ ಈ ಎರಡರ ನಡುವೆ ಬೀಳುತ್ತವೆ. ಅಲ್ಲಿನ ನಿವಾಸಿಗೆ ಗ್ರಾಮಸಭೆಯಿಲ್ಲ, ಕಡ್ಡಾಯದ ವಾರ್ಡ್ ಸಮಿತಿಯೂ ಇಲ್ಲ. ಸದಸ್ಯರು ಸಭೆಯಲ್ಲಿ ಠರಾವು ಪಾಸು ಮಾಡಿದ ಸುದ್ದಿ ಟೆಂಡರ್ ಪ್ರಕಟವಾದಾಗ ಕಿವಿಗೆ ಬಿದ್ದರೆ ಅದೇ ಹೆಚ್ಚು.

ಆದರೆ ದುಡ್ಡು ಕೊಡುವವರು ಆ ನಿವಾಸಿಗಳೇ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ, 1965 ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸಲು ಅವಕಾಶ ಕೊಟ್ಟಿತು. ರೂಪಾಯಿಗೆ ಮೂರು ಪೈಸೆಯಿದ್ದ ದರ ಮುಂದೆ ಆರು ಪೈಸೆಯಾಯಿತು. ಮನೆಪಟ್ಟಿ ಕಟ್ಟಿದವರೆಲ್ಲ, ಜೀವಮಾನದಲ್ಲಿ ಒಂದೂ ಪುಸ್ತಕ ಎರವಲು ಪಡೆಯದವರು ಕೂಡ, ಈ ಕಟ್ಟಡಗಳಿಗೆ ಪಾಲು ಹಾಕಿದ್ದಾರೆ. ಅವರ ಮಾತು ಕೇಳುವುದನ್ನು ಅಧಿಕಾರಿಗಳ ಔದಾರ್ಯವೆಂದು ಎಣಿಸುವುದು ಸರಿಯಲ್ಲ. ಅದು ಕರ ತೆತ್ತವರ ಹಕ್ಕು. ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಸಿ) ಕಲಂ ಸಹ ಜನರಿಗೆ ತಟ್ಟುವ ಮುಖ್ಯ ನಿರ್ಣಯಗಳ ಸಂಗತಿಗಳನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕೆನ್ನುತ್ತದೆ.

ಇನ್ನು ‘ಐತಿಹಾಸಿಕ’ ಎನ್ನಿಸಿಕೊಳ್ಳುವ ಅರ್ಹತೆ. ಸ್ಮಾರಕ ಸಂರಕ್ಷಣೆಯ ಕಾನೂನುಗಳು ನೂರು ವರ್ಷದ ಗಡಿ ಹಾಕಿಕೊಂಡಿವೆ. ಹುಕ್ಕೇರಿಯ ಆದಿಲಶಾಹಿ ಗುಮ್ಮಟಗಳನ್ನು ಕಂಡವರೆಲ್ಲ ಪರಂಪರೆಯೆನ್ನುತ್ತಾರೆ. ಸ್ವಾತಂತ್ರ್ಯದ ಆಚೀಚೆ ಎದ್ದ ಮಂಗಳೂರು ಹೆಂಚಿನ ವಾಚನಾಲಯವನ್ನು ಯಾರೂ ಹಾಗೆನ್ನುವುದಿಲ್ಲ. ಬೆಂಗಳೂರಿನಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ 1915ರಿಂದ ಗ್ರಂಥಾಲಯವಾಗಿ ಉಳಿದಿರುವುದಕ್ಕೆ ಅದರ ಅಂದ ಒಂದು ಕಾರಣವಾದರೆ, ಅದು ನಿಂತಿರುವ ಕಬ್ಬನ್ ಉದ್ಯಾನಕ್ಕೆ 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯ ಕಾವಲಿರುವುದು ಇನ್ನೊಂದು. ತಾಲ್ಲೂಕು ಊರಿನ ವಾಚನಾಲಯಕ್ಕೆ ಅಂಥ ಕಾವಲಿಲ್ಲ. ಸಾಹಿತಿಗಳಾದ ಬೆಟಗೇರಿಯ ಆನಂದಕಂದರನ್ನು, ಮಲಾಮರಡಿಯ ಬಸವರಾಜ ಕಟ್ಟೀಮನಿಯವರನ್ನು, ಘೋಡಗೇರಿಯಿಂದ ಗೋಕಾಕಕ್ಕೆ ಓದಲು ಬಂದ ಚಂದ್ರಶೇಖರ ಕಂಬಾರರನ್ನು ಕೊಟ್ಟ ಸೀಮೆಯಿದು. ಇಲ್ಲಿ ಓದುವ ಕೋಣೆಯ ಬೆಲೆಯನ್ನು ಗೋಡೆಯ ವಯಸ್ಸಿನಿಂದ ಅಳೆಯಲು ಬರುವುದಿಲ್ಲ.

ಜನ ಮೊದಲೇ ಮಾತಾಡಿದರೆ ಏನಾಗುತ್ತದೆನ್ನುವುದಕ್ಕೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಉದಾಹರಣೆಯಿದೆ. ಮುಖ್ಯ ಕಟ್ಟಡದ ಓದುಕೋಣೆಯ ಕೆಳಗಿನ ಏಳು ಅಂತಸ್ತಿನ ಪುಸ್ತಕಭಂಡಾರವನ್ನು ತೆಗೆಯುವ ಯೋಜನೆ 2008ರಲ್ಲಿ ಹೊರಬಿತ್ತು. ವಿದ್ವಾಂಸರ, ಓದುಗರ ವಿರೋಧ ಮತ್ತು ಮೊಕದ್ದಮೆಗಳ ನಂತರ 2014ರಲ್ಲಿ ಕೈಬಿಟ್ಟರು. ಪಟ್ನಾದಲ್ಲಿ 2021ರಲ್ಲಿ ಮೇಲ್ಸೇತುವೆಗಾಗಿ ಖುದಾಬಕ್ಷ್ ಗ್ರಂಥಾಲಯದ ಕರ್ಜನ್ ಓದುಕೋಣೆಯನ್ನು ಮುಟ್ಟುವ ಪ್ರಸ್ತಾವ ಬಂದಾಗಲೂ ದೊಡ್ಡ ಪ್ರತಿಭಟನೆಯೆದ್ದಿತು. ಎರಡೂ ಹೆಸರಾಂತ ಸಂಸ್ಥೆಗಳು, ಪತ್ರಿಕೆಗಳ ಕಣ್ಣಿಗೆ ಬಿದ್ದವು. ಮೂಡಲಗಿಗೆ ಆ ಭಾಗ್ಯವಿಲ್ಲ. ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಊರಿಗೆ ಕಚೇರಿಗಳು ಬೇಕು, ಊರ ನಡುವಿನ ಸರ್ಕಾರಿ ಜಾಗಕ್ಕೆ ಪೈಪೋಟಿ ಸಹಜ.

ಪುನರ್ನಿರ್ಮಾಣವೇ ಬೇಡವೆಂದು ಇದರರ್ಥವಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಗೆ ನುಗ್ಗಿತು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಉಕ್ಕಿತು. ನೆರೆನೀರು ಕುಡಿದ ಪುಸ್ತಕ ಉಬ್ಬಿ ಕಪಾಟಿನಲ್ಲಿ ಬಿಗಿದುಕೊಳ್ಳುತ್ತದೆ, ಎಳೆದರೆ ಬೆನ್ನು ಕಿತ್ತು ಬರುತ್ತದೆ; ನುಣುಪು ಕಾಗದದ ಹಾಳೆಗಳು ಒಣಗುತ್ತ ಅಂಟಿಕೊಂಡು ಗಟ್ಟಿ ಹಲಗೆಯಾಗುತ್ತವೆ. ಸುಣ್ಣದ ಗಾರೆಯ ಹಳೆಯ ಗೋಡೆ ನೀರನ್ನು ಹೀರಿ ಮೆಲ್ಲಗೆ ಹೊರಬಿಡುತ್ತದೆ. ರಿಪೇರಿಯೆಂದು ಮೇಲೆ ಸಿಮೆಂಟ್ ಬಳಿದಿದ್ದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹೀಗೆ ಹಾಳಾದ ಗೋಡೆಯ ಮೇಲೆ ‘ಶಿಥಿಲ’ ಎಂದು ಬರೆಯುವುದು ಸುಲಭ, ಕಾರಣ ಹುಡುಕುವುದು ಕಷ್ಟ. ಯಾವ ಓಣಿಗೆ ನೀರು ಮೊದಲು ಬಂತು, ಎಷ್ಟು ದಿನ ನಿಂತಿತು ಎನ್ನುವುದನ್ನು ಬೇರೆ ಊರಿನ ಎಂಜಿನಿಯರಿಗಿಂತ ಪಕ್ಕದ ಅಂಗಡಿಯವರು ಚೆನ್ನಾಗಿ ಬಲ್ಲರು. ಸಾರ್ವಜನಿಕ ಅಹವಾಲಿನ ನಿಜವಾದ ಲಾಭ ಇಲ್ಲಿದೆ.

ಅಹವಾಲು ಕೇಳುವ ರೀತಿಯೂ ಬದಲಾಗಬೇಕು. ಹಳೆಯ ಮುಂಬೈ ಪ್ರಾಂತದ ಈ ಭಾಗದಲ್ಲಿ ಆಸ್ತಿಯನ್ನು ಗುರುತಿಸುವುದು ನಗರ ಸರ್ವೆಯ ಸಿ.ಟಿ.ಎಸ್. ನಂಬರಿನಿಂದ. ನಂಬರೊಂದನ್ನೇ ಕೊಟ್ಟು ‘ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸತಕ್ಕದ್ದು’ ಎಂದು ಪ್ರಕಟಿಸಿದರೆ, ದಿನವೂ ಅದೇ ಕಟ್ಟಡದಲ್ಲಿ ಕುಳಿತು ಆ ಪತ್ರಿಕೆ ಓದುವವರಿಗೂ ಅದು ತಮ್ಮ ವಾಚನಾಲಯದ ಸುದ್ದಿಯೆಂದು ತಿಳಿಯದು. ಪ್ರಕಟಣೆ ಗ್ರಂಥಾಲಯದ ಬಾಗಿಲಿಗೇ ಅಂಟಲಿ. ಕಟ್ಟಡದ ತಪಾಸಣಾ ವರದಿ, ನಕ್ಷೆ, ಅಂದಾಜು ವೆಚ್ಚ ಒಳಗಿನ ಮೇಜಿನ ಮೇಲಿರಲಿ. ಸಭೆಯನ್ನು ಕಚೇರಿ ವೇಳೆಯಲ್ಲಿ ಕರೆದರೆ ಕೂಲಿಗೆ ಹೋದವರು ಬರಲಾರರು. ಸಂತೆಯ ದಿನ ಹಳ್ಳಿಯವರೂ ಸಿಗುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರನ್ನು ಬೇರೆಯಾಗಿಯೇ ಕೇಳಬೇಕು: ಅವರು ದಿನದ ಬಹುಪಾಲು ಇಲ್ಲೇ ಕಳೆಯುತ್ತಾರೆ, ಹಿರಿಯರ ಮುಂದೆ ಬಾಯಿ ಬಿಡುವುದಿಲ್ಲ. ಬಂದ ಪ್ರತಿ ಆಕ್ಷೇಪಣೆಗೆ ಕೊಟ್ಟ ಉತ್ತರವೂ, ಕಾಮಗಾರಿ ಮುಗಿಯುವವರೆಗೆ ಪುಸ್ತಕಗಳು ಎಲ್ಲಿರುತ್ತವೆ, ಆ ಜಾಗದ ಬೀಗ ಯಾರ ಕೈಯಲ್ಲಿ ಎಂಬ ವಿವರವೂ ಟೆಂಡರಿಗೆ ಮೊದಲೇ ನಡಾವಳಿಯಲ್ಲಿ ದಾಖಲಾಗಬೇಕು.