ಹಳೆಯ ಚೌಕಟ್ಟು, ಹೊಸ ಗಾಲಿ

ಕಾಳೀ ನದಿಯ ಉತ್ತರ ದಂಡೆಯ ಹಣಕೋಣದಿಂದ ಕಾರವಾರದ ಕಚೇರಿಗೋ ಪೇಟೆಗೋ ಹೊರಟವರು, ಹೊಳೆಗೆ ಹೆದ್ದಾರಿಯ ಸೇತುವೆಯಾಗುವ ಮುನ್ನ, ಸದಾಶಿವಗಡದವರೆಗೆ ನೆಲದ ಹಾದಿಯನ್ನು ಸವೆಸಿ ಅಲ್ಲಿಂದ ಕೋಡಿಬಾಗಕ್ಕೆ ನೀರು ದಾಟಬೇಕಾಗಿದ್ದಿತು. ಮೋಟಾರು ವಿರಳವಾಗಿದ್ದ ಆ ದಿನಗಳಲ್ಲಿ, ನೆಲದ ಮೇಲೆ ಒಡೆಯನನ್ನು ಹೊತ್ತು ನೀರಿನ ಮೇಲೆ ತಾನೇ ದೋಣಿಯ ಸರಕಾಗುತ್ತಿದ್ದ ಸೈಕಲ್ಲು ಇಲ್ಲಿಯ ಗೃಹಸ್ಥನಿಗೆ ಎಂತಹ ಸಂಪತ್ತಾಗಿದ್ದಿತೆಂಬುದನ್ನು ಇಂದಿನವರು ಊಹಿಸುವುದು ಕಷ್ಟ.

1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಇಲಾಖೆಗೆ ಸೇರಿದ ಮೇಲೆ ಕಾರವಾರದ ವ್ಯವಹಾರವೆಲ್ಲ ಮುಂಬಯಿಯ ಕಡೆಗೆ ತಿರುಗಿ, ಆ ಪೇಟೆಯ ಸರಕು ಮಳೆಗಾಲವೊಂದನ್ನುಳಿದು ಆಗಬೋಟುಗಳಲ್ಲಿ ಈ ಬಂದರಕ್ಕೆ ಬರುತ್ತಿದ್ದಿತು; ಸೈಕಲ್ಲೂ ಆ ಸರಕಿನಲ್ಲೊಂದು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬವನು ಹೆಚ್ಚುಕಡಮೆ ಸಮಗಾತ್ರದ ಗಾಲಿಗಳ ಸೈಕಲ್ಲನ್ನು ರೂಪಿಸಿ, 1888ರಲ್ಲಿ ಡನ್‌ಲಪ್ಪನು ಗಾಳಿಯ ಟಾಯರನ್ನು ಜೋಡಿಸಿದ ಮೇಲೆ, ಕಾಲಕ್ರಮದಲ್ಲಿ ರ್‍ಯಾಲಿ, ಹಂಬರ್, ಹರ್ಕ್ಯುಲಿಸ್ ಎಂಬ ಹೆಸರುಗಳು ನಮ್ಮ ದೇಶದ ಮನೆಮಾತಾದವು. ಸ್ವಾತಂತ್ರ್ಯಾನಂತರ ಅಸನ್‌ಸೋಲ್‌ನ ಸೆನ್-ರ್‍ಯಾಲಿ, ಮದರಾಸಿನ ಟಿ.ಐ. ಕಾರ್ಖಾನೆಗಳು ಅವೇ ಮಾದರಿಗಳನ್ನು ಇಲ್ಲಿಯೇ ತಯಾರಿಸತೊಡಗಿದುವು.

ಈ ಯಂತ್ರದ ದೀರ್ಘಾಯುಷ್ಯಕ್ಕೆ ಮೂಲಕಾರಣ ಅದರ ಉಕ್ಕು. ಎರಡನೆಯ ಕಾರಣ ಊರೂರಿನ ಸೈಕಲ್ ಶಾಪು. ವರ್ಷಕ್ಕೊಮ್ಮೆ ನಡೆಯುತ್ತಿದ್ದ 'ಓವರಾಯಿಲಿಂಗ್' ಎಂಬ ಸಂಸ್ಕಾರದಲ್ಲಿ ಅಂಗಾಂಗಗಳನ್ನೆಲ್ಲ ಬಿಚ್ಚಿ, ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸವೆದವನ್ನು ತೆಗೆದುಹಾಕಿ, ಗ್ರೀಸು ತುಂಬಿ ಮರಳಿ ಕೂಡಿಸುತ್ತಿದ್ದರು. ಕ್ರ್ಯಾಂಕಿನ ಕಾಟರ್ ಪಿನ್ನನ್ನು ಹೊಡೆದು ತೆಗೆಯುವಾಗ ಕೆಳಗೊಂದು ಗಟ್ಟಿ ಆಧಾರವನ್ನು ಕೊಡದಿದ್ದರೆ ಪೆಟ್ಟೆಲ್ಲ ಒಳಗಿನ ಗುಂಡುಗಳಿಗೆ ತಗಲಿ ಅವು ಉರುಳುವ ಬಟ್ಟಲಿನ ನುಣುಪು ಕೆಡುವುದೆಂಬುದನ್ನು ಬಲ್ಲ ಕೈಗಳು ಅವು.

ಕಡಲಿನ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಸಿಕ್ಕಿದ ಉಕ್ಕು ಹೊರಗಿಗಿಂತ ಒಳಗೇ ಹೆಚ್ಚು ಸವೆಯುತ್ತದೆ. ಸೀಟಿನ ಕೊಳವೆಯಲ್ಲಿಳಿದ ನೀರು ಪೆಡಲಿನ ಅಚ್ಚು ಕೂರುವ ಗೂಡಿನಲ್ಲಿ ನಿಂತು ಮೌನವಾಗಿ ತುಕ್ಕನ್ನು ಬೆಳೆಸುತ್ತದೆ. ಆದುದರಿಂದ ಜೀರ್ಣೋದ್ಧಾರಕ್ಕೆ ಕೈಹಾಕುವವನು ಬಣ್ಣದ ಚಿಂತೆಯನ್ನು ಆಮೇಲಕ್ಕಿಟ್ಟು, ಮೊದಲು ಆ ಗೂಡನ್ನು ಬಿಚ್ಚಿ ನೋಡತಕ್ಕದ್ದು. ಅದು ಗಟ್ಟಿಯಾಗಿದ್ದರೆ ಚೌಕಟ್ಟು ಇನ್ನೊಂದು ತಲೆಮಾರಿಗೆ ಬಾಳೀತು. ಬೆಸುಗೆ ಬಿಟ್ಟಲ್ಲಿ ಹಿತ್ತಾಳೆ ಕರಗಿಸಿ ಕೂಡಿಸಲೂಬಹುದು.

ಹೊಸ ಭಾಗಗಳನ್ನು ಹಾಕುವುದು ಹಳೆಯದಕ್ಕೆ ಮಾಡಿದ ಅಪಚಾರವೆಂದು ವಾದಿಸುವವರುಂಟು. ಬ್ರೇಕಿನ ಮಟ್ಟಿಗಾದರೂ ನಾನು ಅದನ್ನು ಒಪ್ಪಲಾರೆ. ಕ್ರೋಮಿಯಮ್ ಲೇಪದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಸರಳಿನ ಬ್ರೇಕು ಬಹುಮಟ್ಟಿಗೆ ನಿಷ್ಫಲವಾಗುವುದು. ಆಷಾಢದ ಇಳಿಜಾರಿನಲ್ಲಿ ಪ್ರಾಣರಕ್ಷಣೆಗೆ ಅಲ್ಯುಮಿನಿಯಮ್ ರಿಮ್ಮೇ ಯೋಗ್ಯ. ಆದರೆ ಹಳೆಯ 28 ಅಂಗುಲದ ಗಾಲಿಯಲ್ಲಿ ಟಾಯರು ಕೂರುವ ವ್ಯಾಸ 635 ಮಿಲಿಮೀಟರು, ಇಂದಿನದರಲ್ಲಿ 622. ಹೀಗೆ ಅಂಚು ಆರೂವರೆ ಮಿಲಿಮೀಟರು ಒಳಸರಿಯುವುದರಿಂದ ಉದ್ದ ತೋಳಿನ ಹೊಸ ಬ್ರೇಕನ್ನೇ ಕೂಡಿಸಬೇಕು. ಹೊಸ ಗಾಲಿಗೆ ಹಿಂದಿನ ಕವೆ ಇಕ್ಕಟ್ಟಾದರೆ ಉಕ್ಕು ನಿಧಾನವಾಗಿ ಅಗಲಿಸಲು ಒಪ್ಪುತ್ತದೆ. ಈ ವಿಧೇಯತೆ ಅಲ್ಯುಮಿನಿಯಮ್ಮಿಗಿಲ್ಲ. ಹಳೆಯ ರ್‍ಯಾಲಿಯ ಗೂಡಿಗಾದರೋ ಅಂಗುಲಕ್ಕೆ 26 ಸುತ್ತಿನ ಸ್ವಂತ ತಿರುಪಿನ ಮರೆ, ಉಳಿದವುಗಳಿಗೆ ಸಾಮಾನ್ಯವಾಗಿ 24. ಇದನ್ನರಿಯದೆ ಹೊಸ ಬಟ್ಟಲನ್ನು ಬಲವಂತವಾಗಿ ತಿರುಗಿಸಿದರೆ ಮರೆಯೇ ಹಾಳಾಗುವುದು. ಹಳೆಯ ಬಟ್ಟಲುಗಳನ್ನೇ ಉಳಿಸಿಕೊಂಡು ಅಚ್ಚನ್ನು ಮಾತ್ರ ಬದಲಿಸುವುದು ಲೇಸು.

ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಅಜ್ಜನ ಸೈಕಲ್ಲು ಬಿದ್ದಿದ್ದರೆ, ದಯವಿಟ್ಟು ಅದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡದಿರಿ. ಹೊಸ ಭಾಗಗಳನ್ನು ಹಾಕಿಸುವಾಗಲೂ ಕಳಚಿದ ಹಳೆಯವನ್ನು ಎಣ್ಣೆ ಸವರಿ ಬಟ್ಟೆಯಲ್ಲಿ ಕಟ್ಟಿಡಿ. ಮುಂದಿನವರು ಬಯಸಿದರೆ ಅವನ್ನು ಮರಳಿ ಕೂಡಿಸಿಯಾರು.