ಸರ್ವರ್ ಅಪ್‌ಡೇಟ್ ಆದರೆ ಪಹಣಿಯಲ್ಲಿರುವ ಹೆಸರು ಅಳಿಸಿಹೋಗುತ್ತದೆಯೇ?

‘ಭೂಮಿ ಸರ್ವರ್ ಅಪ್‌ಡೇಟ್ ಆಗುತ್ತಿದೆ, ಕೂಡಲೇ ಪಹಣಿ ತೆಗೆಸಿಟ್ಟುಕೊಳ್ಳಿ, ಇಲ್ಲದಿದ್ದರೆ ಹೆಸರು ಹೋಗುತ್ತದೆ’ ಎಂಬ ಧಾಟಿಯ ಸಂದೇಶ ಊರಿನ ವಾಟ್ಸಾಪ್ ಗುಂಪಿಗೆ ಬಂದರೆ ಗಾಬರಿಯಾಗುವುದು ಸಹಜ. ಜಮೀನಿನ ವಿಷಯ ತಾನೇ! ಫಾರ್ವರ್ಡ್ ಮಾಡುವ ಮುನ್ನ ಈ ‘ಅಪ್‌ಡೇಟ್’ ಅಂದರೆ ಏನೆಂದು ನೋಡೋಣ.

ಮಂಡ್ಯ ಜಿಲ್ಲೆಗೆ ಇದು ಹೊಸ ವಿಷಯವಲ್ಲ. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯ ಆರಂಭದ ಪ್ರಯೋಗ ನಡೆದ ತಾಲೂಕುಗಳಲ್ಲಿ ಮದ್ದೂರೂ ಒಂದು. ಮುಂದೆ ಮಂಡ್ಯ, ಮಳವಳ್ಳಿ ಸೇರಿದಂತೆ ರಾಜ್ಯದ ಎಲ್ಲ ತಾಲೂಕುಗಳಿಗೂ ಅದು ಹಬ್ಬಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಡೇಟಾಬೇಸ್ ಸೇರಿದವು.

ಡೇಟಾಬೇಸ್ ಸರ್ವರ್ ಅನ್ನು ತಾಲೂಕು ಕಚೇರಿಯ ರೆಕಾರ್ಡ್ ರೂಮ್ ಎಂದುಕೊಳ್ಳಿ. ಕಾಗದ ಬೇರೆ, ಕೋಣೆ ಬೇರೆ. ಸಾಫ್ಟ್‌ವೇರ್ ಅಪ್‌ಡೇಟ್ ನಡೆಯುವುದು ಕೋಣೆಗೆ.

ಇದರಲ್ಲಿ ಮೊದಲನೆಯದು ಸೆಕ್ಯುರಿಟಿ ಪ್ಯಾಚ್, ಅಂದರೆ ಸಡಿಲವಾದ ಬೀಗವನ್ನು ಸರಿಮಾಡುವುದು. ಚಿಕ್ಕ ಕೆಲಸ, ಆದರೆ ತಡಮಾಡಿದರೆ ದುಬಾರಿ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2000ರಲ್ಲಿದ್ದ ಒಂದು ದೋಷಕ್ಕೆ 2002ರ ಜುಲೈನಲ್ಲೇ ಪ್ಯಾಚ್ ಬಂದಿತ್ತು. ಎಷ್ಟೋ ಕಡೆ ಅದನ್ನು ಹಾಕಿರಲಿಲ್ಲ. 2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ವರ್ಮ್ ಅದೇ ದೋಷದ ಮೂಲಕ ನುಗ್ಗಿತು. ಸಿಕ್ಕಿಬೀಳಬಹುದಾಗಿದ್ದ ಯಂತ್ರಗಳಲ್ಲಿ ಹೆಚ್ಚಿನವು ಹತ್ತೇ ನಿಮಿಷದಲ್ಲಿ ಸೋಂಕಿಗೆ ಸಿಲುಕಿದವು. ಅಮೆರಿಕದಲ್ಲಿ ಎಟಿಎಂಗಳೂ ನಿಂತವು. ಹಾಗಾಗಿ ಅಪ್‌ಡೇಟ್ ಮಾಡುವುದಕ್ಕಿಂತ ಮಾಡದಿರುವುದಕ್ಕೇ ಹೆಚ್ಚು ಹೆದರಬೇಕು ಎನ್ನುತ್ತೇವೆ ನಾವು.

ಎರಡನೆಯದು ಕ್ಯುಮುಲೇಟಿವ್ ಅಪ್‌ಡೇಟ್. ಹಿಂದಿನ ದುರಸ್ತಿಗಳನ್ನೆಲ್ಲ ಒಟ್ಟುಗೂಡಿಸಿದ ಕಟ್ಟು ಇದು. ಕೊನೆಯದೊಂದನ್ನು ಹಾಕಿದರೆ ಹಿಂದಿನವೂ ಬಂದಂತೆ. ಎಸ್‌ಕ್ಯೂಎಲ್ ಸರ್ವರ್‌ಗೆ ಮೊದಲು ‘ಸರ್ವಿಸ್ ಪ್ಯಾಕ್’ ಎಂಬ ದೊಡ್ಡ ಕಟ್ಟೂ ಬರುತ್ತಿತ್ತು. 2017ರ ಆವೃತ್ತಿಯಿಂದ ಅದನ್ನು ಕೈಬಿಟ್ಟಿದ್ದಾರೆ.

ಮೂರನೆಯದು ಆವೃತ್ತಿಯನ್ನೇ ಬದಲಿಸುವ ಅಪ್‌ಗ್ರೇಡ್. ಇದು ರೆಕಾರ್ಡ್ ರೂಮನ್ನು ಹೊಸ ಕಟ್ಟಡಕ್ಕೆ ಸಾಗಿಸಿದ ಹಾಗೆ. ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸ್‌ನಲ್ಲಿ ವ್ಯತ್ಯಾಸ ಸಂಖ್ಯೆಯಲ್ಲೇ ಕಾಣುತ್ತದೆ: 16.3ರಿಂದ 16.4 ಎಂದರೆ ದುರಸ್ತಿ, ದತ್ತಾಂಶ ಇಡುವ ರೀತಿ ಬದಲಾಗದು. 16ರಿಂದ 17 ಎಂದರೆ ಸ್ಥಳಾಂತರ. ಇಲ್ಲಿ ಎಡವಟ್ಟಾಗುವ ಸಾಧ್ಯತೆ ಇದ್ದೇ ಇದೆ. ಅದಕ್ಕೇ ಮೊದಲು ಬ್ಯಾಕಪ್ ತೆಗೆದು, ಬೇರೆ ಯಂತ್ರದಲ್ಲಿ ಪರೀಕ್ಷಿಸಿ, ಜನ ಕಡಿಮೆ ಬಳಸುವ ಹೊತ್ತಿನಲ್ಲಿ ಸೇವೆ ನಿಲ್ಲಿಸಿ ಈ ಕೆಲಸ ಮಾಡುವುದು ವಾಡಿಕೆ. ಕೌಂಟರಿನಲ್ಲಿ ಕೇಳಿಬರುವ ‘ಸರ್ವರ್ ಡೌನ್’ಗೆ ಇದೂ ಒಂದು ಕಾರಣವಾಗಬಹುದು. (ಎಲ್ಲ ಸಲವೂ ಇದೇ ಕಾರಣ ಎಂದು ನಾವು ಹೇಳುತ್ತಿಲ್ಲ!)

ಹಾಗಾದರೆ ಪಹಣಿಯಲ್ಲಿ ಹೆಸರು ಬದಲಾಗುವುದು ಹೇಗೆ? ಕ್ರಯ, ವಿಭಾಗ, ಪೌತಿ ಖಾತೆ ಮುಂತಾದವು ನಡೆದಾಗ, ಮ್ಯುಟೇಷನ್ ಮೂಲಕ. ಅದು ಕಾಗದಕ್ಕೆ ಆಗುವ ಬದಲಾವಣೆ, ಕೋಣೆಗಲ್ಲ. ನಿಮ್ಮ ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಬಂದ ಬಗೆ ಮತ್ತು ಎಂ.ಆರ್. ಸಂಖ್ಯೆ ಇರುತ್ತದೆ. ಹೆಸರು ಬದಲಾಗಿ ಕಂಡರೆ ಆ ಎಂ.ಆರ್. ಸಂಖ್ಯೆ ಹಿಡಿದು ತಾಲೂಕು ಕಚೇರಿಯಲ್ಲಿ ವಿಚಾರಿಸಿ.

ಇನ್ನು, ಸರ್ವರ್ ಅಪ್‌ಡೇಟ್‌ಗೆ ನಿಮ್ಮ ಒಟಿಪಿಯಾಗಲಿ, ಹಣವಾಗಲಿ ಬೇಕಿಲ್ಲ. ಸಂದೇಶದ ಜೊತೆ ಲಿಂಕ್ ಅಥವಾ ಎಪಿಕೆ ಫೈಲ್ ಬಂದಿದ್ದರೆ ಮುಟ್ಟಬೇಡಿ, ಗುಂಪಿನಿಂದಲೂ ಅಳಿಸಲು ಹೇಳಿ.